ಎಕಂಬಾದ ರೊಟ್ಟಿ, ಅಂಡಮಾನಿನ ಗಾಳಿ

ಬೀದರಿನಿಂದ ಯಾರೇ ಅಂಡಮಾನಿಗೆ ಹೊರಟರೂ ಮೊದಲು ನನ್ನ ಮನೆಗೆ ಬರುತ್ತಾರೆ. ಬರಲೇಬೇಕು. ವಯಸ್ಸಿದ್ದಾಗ ಪೋರ್ಟ್ ಬ್ಲೇರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ಈ ನವೊಮಿ. ಅಲ್ಲಿಯ ಬಿಸಿಲು, ಮಳೆ, ಹಡಗು ಎಲ್ಲ ನನಗೆ ಗೊತ್ತು. ಈ ವಿಷಯದಲ್ಲಿ ನನಗೆ ಜಂಬ ಇದೆ, ಅದನ್ನೇನು ಮುಚ್ಚಿಡುವುದಿಲ್ಲ.

ಔರಾದ ಕಡೆಯ ಎಕಂಬಾದಿಂದ ಅನುಸೂಯಾಬಾಯಿ ಬಂದು, "ಸಿಸ್ಟರ್, ನನ್ ಜೋಡಿ ನೀವೂ ಬರ್ರಿ" ಎಂದಾಗ ಒಂದೇ ಮಾತಿಗೆ ಒಪ್ಪಿದೆ. ಅವರ ಮೊಮ್ಮಗಳು ಪ್ರಣಾಲಿ ಬೀದರಿನ ಆಸ್ಪತ್ರೆಯಲ್ಲಿ ಹುಟ್ಟಿದಾಗ ಮೊದಲು ಎತ್ತಿಕೊಂಡ ಕೈ ನನ್ನದೇ. ಆ ಹುಡುಗಿ ಈಗ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ಪ್ರವಾಸಿಗರಿಗೆ ಸಮುದ್ರದೊಳಗೆ ಮುಳುಗಿ ಮೀನು ನೋಡುವುದನ್ನು ಕಲಿಸುತ್ತಾಳೆ. ಭಾಲ್ಕಿಯಲ್ಲಿ ಮೇಷ್ಟ್ರಾಗಿರುವ ಅವಳಪ್ಪ ಗೋರಖನಾಥನಿಗೆ ಇದರಿಂದ ನಿದ್ದೆಯೇ ಇಲ್ಲ. ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯೊಂದರಲ್ಲಿ ಮಗಳಿಗೆ ಆಫೀಸಿನ ಕೆಲಸ ನೋಡಿಟ್ಟು, ಅವಳನ್ನು ಕರೆತರಲು ತನ್ನ ತಾಯಿ ಅನುಸೂಯಾಬಾಯಿಯನ್ನು ಕಳಿಸುತ್ತಿದ್ದ.

"ಅವ್ವಾ, ನೀ ಹೇಳಿದ್ರ ಆಕಿ ಒಲ್ಲೆ ಅನ್ನಂಗಿಲ್ಲ. ಕರ್ಕೊಂಡೇ ಬಾ" ಎಂದಿದ್ದ. ಅದು ನಿಜವೂ ಹೌದು. ಅಜ್ಜಿಯ ಮಾತನ್ನು ಪ್ರಣಾಲಿ ಎಂದೂ ಮೀರಿದವಳಲ್ಲ.

ಹೊರಡುವ ಮುಂಚೆ ನಾನು ನನ್ನ ಪಾಠ ಶುರುಮಾಡಿದೆ. "ಆಧಾರ ಕಾರ್ಡ ಕೈಗಿ ಸಿಗೂಹಂಗ ಇಟ್ಕೋರಿ. ಹಡಗ ಹತ್ತೂ ಮುಂದ ಹೊಟ್ಟಿ ತುಂಬ ಉಣಬ್ಯಾಡ್ರಿ, ವಾಂತಿ ಆಗ್ತದ. ಅಲ್ಲಿ ಫೋನಿನ ಭರೋಸಾ ಇಲ್ಲ, ಕೈಯಾಗ ರೊಕ್ಕ ಇರ್ಲಿ. ಹೊತ್ತು ಲಗೂನ ಮುಳುಗ್ತದ, ನೋಡೂದೆಲ್ಲ ಬೆಳಕಿನಾಗ ನೋಡ್ರಿ. ದಂಡಿ ಮ್ಯಾಗ ಹವಳ ಬಿದ್ದಿದ್ರ ಉಡಿಯಾಗ ಹಾಕೋಬ್ಯಾಡ್ರಿ, ಗುನ್ಹೆ ಅದ. ಮತ್ತ ಕಡಕ ರೊಟ್ಟಿ ಮಾತ್ರ ತರಬ್ಯಾಡ್ರಿ."

ಅಲ್ಲಿಯವರೆಗೆ ತಲೆ ಆಡಿಸುತ್ತಿದ್ದವರು ಕೊನೆಯ ಮಾತಿಗೆ ಸಿಡಿದೆದ್ದರು. "ಏನ್ ಮಾತಾಡ್ತೀರಿ ಸಿಸ್ಟರ್? ನನ್ ರೊಟ್ಟಿ ಪುಣೆಕ್ಕ ಹೋಗ್ಯಾವ, ಮುಂಬೈಕ್ಕ ಹೋಗ್ಯಾವ. ಒಂದರೆ ಕೆಟ್ಟಾವೇನ್ರಿ?"

ನಮ್ಮ ಒಣ ಸೀಮೆಯಲ್ಲಿ ಜೋಳದ ರೊಟ್ಟಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ತಿಂಗಳಾದರೂ ಹಪ್ಪಳದ ಹಾಗೆ ಮುರಿಯುತ್ತದೆ. ಎಲ್ಲ ಊರಿನ ಗಾಳಿಯೂ ಎಕಂಬಾದ ಗಾಳಿಯಂತೆಯೇ ಇರುತ್ತದೆಂದು ಅವರು ನಂಬಿದ್ದರು. ಹೈದರಾಬಾದಿನಲ್ಲಿ ವಿಮಾನ ಹತ್ತಿದಾಗಲೂ ರೊಟ್ಟಿಯ ಗಂಟು ಅವರ ತೊಡೆಯ ಮೇಲೇ ಇತ್ತು.

ದ್ವೀಪ ಮುಟ್ಟಿದ ಸಂಜೆ ಮೊಮ್ಮಗಳ ಮುಂದೆ ಗಂಟು ಬಿಚ್ಚಿದರು. ಮುರಿಯಲು ಹೋದ ರೊಟ್ಟಿ ಒದ್ದೆ ಬಟ್ಟೆಯಂತೆ ಬಾಗಿತು. ಅನುಸೂಯಾಬಾಯಿಯ ಮುಖ ಸಣ್ಣದಾಯಿತು. "ನಾ ಹೇಳಿರ್ಲಿಲ್ಲೇನ್ರಿ?" ಎನ್ನದೆ ಬಿಡುವ ಜಾತಿ ನನ್ನದಲ್ಲ, ಅಂದೇಬಿಟ್ಟೆ.

ಪ್ರಣಾಲಿ ಮಾತ್ರ ಅದನ್ನೇ ಸುರುಳಿ ಸುತ್ತಿ, ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದಳು. "ಆಯಿ, ಇಲ್ಲಿ ಗಾಳ್ಯಾಗೂ ನೀರ ಅದ" ಎಂದು ಅಜ್ಜಿಯನ್ನು ನೋಡಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಪಪ್ಪಾ ನನ್ನ ಕರ್ಕೊಂಡ್ ಬಾ ಅಂತ ನಿನ್ನ ಕಳಿಸ್ಯಾರ, ಹೌದಿಲ್ಲೋ?"

"ಹೌದು. ಮೊದಲ ನಿನ್ ಕೆಲಸ ನೋಡ್ತೇನಿ."

"ನೀ ಬಾ ಅಂದ್ರ ಬರ್ತೇನಿ ಆಯಿ" ಎಂದಳು ಹುಡುಗಿ, ತಲೆ ತಗ್ಗಿಸಿ. ಇವಳನ್ನು ಕೊಳಾರದ ಕುರ್ಚಿಯಲ್ಲಿ ಕೂರಿಸುವುದು ನನಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಆದರೆ ಇಲ್ಲಿ ನನ್ನ ಸಲಹೆಯನ್ನು ಯಾರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ದಂಡೆಯ ಮೇಲೆ ಕುಳಿತೆವು. ಹೈದರಾಬಾದಿನ ಒಬ್ಬ ದಪ್ಪ ಯಜಮಾನರು ಸೊಂಟಮಟ್ಟದ ನೀರಿನಲ್ಲಿ ನಿಂತೇ ನಡುಗುತ್ತಿದ್ದರು. ಪ್ರಣಾಲಿ ಅವರನ್ನು ನೀರಿನ ಮೇಲೆ ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟಳು. ಕೊಟ್ಟವಳೇ, ಬೆಳಿಗ್ಗೆ ನಾಷ್ಟಾಕ್ಕೆ ಏನು ತಿಂದಿರಿ ಎಂದು ವಿಚಾರಿಸತೊಡಗಿದಳು. ಪಕ್ಕದಲ್ಲಿದ್ದ ಅನುಸೂಯಾಬಾಯಿ ಎದ್ದು ನಿಂತುಬಿಟ್ಟರು.

ಯಾಕೆಂದು ನನಗೂ ಗೊತ್ತಾಯಿತು. ಒಂದು ಕಾಲಕ್ಕೆ ಊರಿನವರು ಇವರ ಜನರನ್ನು ತಮ್ಮ ಬಾವಿಗೆ ಬಿಡುತ್ತಿರಲಿಲ್ಲ. ಆಗ ಅನುಸೂಯಾಬಾಯಿಯ ಮಾವ ತಮ್ಮ ಹೊಲದಲ್ಲೇ ಮೆಟ್ಟಿಲ ಬಾವಿ ತೋಡಿದರು. ಆ ಬಾವಿಯಲ್ಲಿ ಇಡೀ ಓಣಿಯ ಮಕ್ಕಳಿಗೆ ಈಜು ಕಲಿಸಿದ್ದು ಇದೇ ಅನುಸೂಯಾಬಾಯಿ. ಹೊಟ್ಟೆಯ ಕೆಳಗೆ ಅಂಗೈ ಕೊಡುವುದು, ಇವತ್ತು ಏನು ಉಂಡಿ ಎಂದು ಮಾತಿಗೆಳೆಯುವುದು, ಮಾತಿನ ನಡುವೆ ಗೊತ್ತಾಗದಂತೆ ಕೈ ತೆಗೆಯುವುದು. ಅವರ ಕೈಯಲ್ಲಿ ಕಲಿಯದೆ ಉಳಿದವನು ಗೋರಖನಾಥ ಒಬ್ಬನೇ. ಅವನು ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದ.

"ತೆಗದ್ಳು! ಸಿಸ್ಟರ್, ನೋಡ್ರಿ, ಕೈ ತೆಗದ್ಳು! ಅವಂಗ ಗೊತ್ತೇ ಆಗಿಲ್ಲ!"

ಆ ಯಜಮಾನರು ಇಡ್ಲಿಯ ಸುದ್ದಿ ಹೇಳುತ್ತಲೇ ತೇಲುತ್ತಿದ್ದರು. ಅನುಸೂಯಾಬಾಯಿ ಕಚ್ಚೆ ಬಿಗಿದು ಸೀದಾ ನೀರಿಗೆ ನಡೆದರು. ವಯಸ್ಸಾದವರು ಅಲೆಗೆ ಇಳಿಯಬಾರದೆಂದು ನಾನು ಕೂಗಿದ್ದನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಮೊಮ್ಮಗಳ ಒದ್ದೆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ನನ್ನ ಎದೆಯೂ ಉಬ್ಬಿತು, ಕಣ್ಣೂ ತುಂಬಿತು.

ಮಧ್ಯಾಹ್ನ ಅಂತೂ ಇಂತೂ ನೆಟ್‌ವರ್ಕ್ ಸಿಕ್ಕಿತು. ಗೋರಖನಾಥನದೇ ಫೋನು. "ಅವ್ವಾ, ಎಂದ ಕರ್ಕೊಂಡ್ ಬರ್ತಿ?"

ಪ್ರಣಾಲಿ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

"ಕರ್ಕೊಂಡ್ ಬರಂಗಿಲ್ಲ. ನೀನೇ ಇಲ್ಲಿಗಿ ಬಾ" ಎಂದರು ಅನುಸೂಯಾಬಾಯಿ. "ಆಧಾರ ಕಾರ್ಡ ಇಟ್ಕೋ. ಹಡಗ ಹತ್ತೂ ಮುಂದ ಹೊಟ್ಟಿ ತುಂಬ ಉಣಬ್ಯಾಡ. ರೊಟ್ಟಿ ತರಬ್ಯಾಡ, ಮೆತ್ತಗ ಆಗ್ತಾವ."

ನನ್ನ ಸಲಹೆಗಳನ್ನೆಲ್ಲ ತಮ್ಮವೇ ಎಂಬಂತೆ ಹೇಳುತ್ತಿದ್ದರು. ಈ ಸಲ ಆ ಜಂಬವನ್ನು ಅವರಿಗೇ ಬಿಟ್ಟುಕೊಟ್ಟೆ.

ಆ ಕಡೆಯಿಂದ ಗೋರಖನಾಥ ಸಣ್ಣ ದನಿಯಲ್ಲಿ, "ಅವ್ವಾ, ನಂಗ ಈಜ ಬರಂಗಿಲ್ಲ" ಎಂದ.

"ನನ್ ಕೈಯಾಗ ನೀ ಕಲೀಲಿಲ್ಲ. ಬಾ, ನಿನ್ ಮಗಳು ಕಲಿಸ್ತಾಳ."