ಹನ್ನೆರಡನೇ ಕೋಣೆಯ ಹಾಲು

ಟಪ್ ಎಂದಿತು ಡಬ್ಬಿ. ಹಗಲಾಗಿದ್ದರೆ ಯಾರ ಕಿವಿಗೂ ಬೀಳದಷ್ಟು ಸಣ್ಣ ಸದ್ದು. ಅಡುಗೆಮನೆಯ ಕಿಟಕಿಗೆ ಕಟ್ಟಿದ ಬಿಸ್ಕತ್ತಿನ ಡಬ್ಬಿಗೆ ಯಾರೋ ಚೀಟಿ ಹಾಕಿ ಹೋಗಿದ್ದರು.

ಧ್ಯಾನ ಕೇಂದ್ರದಲ್ಲಿ ಮೌನದ ವಾರ. ಬಂದವರು ಮಾತಾಡುವಂತಿಲ್ಲ, ಬೇಕಾದ್ದನ್ನು ಬರೆದು, ಮಡಚಿ, ಹೊರಮೈಯಲ್ಲಿ ಕೋಣೆಯ ನಂಬರು ಹಾಕಿ ಡಬ್ಬಿಗೆ ಹಾಕಬೇಕು. ಮೂವತ್ತೊಂದು ವರ್ಷ ಆ ಚೀಟಿಗಳನ್ನು ತೆಗೆದ ಅಡುಗೆಯವರು, ಎಲ್ಲರ ಕಿಟಕಿಯಮ್ಮ, ಈಗ ಪ್ರಾರ್ಥನಾಲಯದಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದರು. ಅವರ ತಂಗಿಯ ಮಗಳು ಚೀಟಿ ಬಿಡಿಸಿದಳು. ಹನ್ನೆರಡನೇ ಕೋಣೆ. 'ನಾಳೆ ಮಣ್ಣು ಮಾಡುವಾಗ ನನಗೆ ಮಾತಾಡಲು ಬಿಡಿ.'

ಬೆಳಿಗ್ಗೆ ಚೀಟಿ ಓದಿದ ಫಾದರ್ ಹೇಳಿದರು, "ಇವತ್ತೊಂದು ದಿನ ಎಲ್ಲರೂ ಮಾತಾಡ್ಲಿ. ನೀನೂ ಎರಡು ಮಾತು ಹೇಳಮ್ಮ. ಓದಿದ ಹುಡುಗಿ, ಎರಡು ವರ್ಷ ಜೊತೇಲಿದ್ದವಳು."

ಅವಳು ಚೀಟಿಯನ್ನು ಮತ್ತೆ ಮಡಚಿದಳು.

*

ಕೆಲಸಕ್ಕೆ ಸೇರಿದ ದಿನ ಅವಳು ಚೀಟಿ ಬಿಡಿಸಲು ಹೋದದ್ದಕ್ಕೆ ದೊಡ್ಡಮ್ಮ ಕೈ ಮೇಲೆ ಪಟ್ ಎಂದು ಹೊಡೆದಿದ್ದರು. "ಹೊರಗಡೆ ನಂಬರ್ ಇದೆಯಲ್ಲ, ಸಾಕು." ಯಾರು ಏನೇ ಬರೆಯಲಿ, ಆ ಕೋಣೆಗೆ ಒಂದು ಲೋಟ ಬಿಸಿ ಹಾಲು, ಕಂಕುಳಲ್ಲೊಂದು ಹೊದಿಕೆ. ಬಾಗಿಲು ತೆರೆದವರ ಮುಖ ನೋಡುತ್ತ ನಿಲ್ಲುವರು. ತಲೆ ಹಿಡಿದುಕೊಂಡವರಿಗೆ ಮಾತ್ರೆ, ನಡುಗುವವರಿಗೆ ಇನ್ನೊಂದು ಹೊದಿಕೆ.

ಹಾಜರಿ ಪುಸ್ತಕದಲ್ಲಿ ಅವರ ಸಹಿಯ ಜಾಗದಲ್ಲಿ ದಿನಾ ಒಂದು ಶಿಲುಬೆ. "ಎಂಥ ಭಕ್ತಿ ನೋಡು," ಎನ್ನುತ್ತಿದ್ದರು ಫಾದರ್.

ಒಮ್ಮೆ ಔಷಧಿಯ ಬಾಟಲಿಯನ್ನು ತಲೆಕೆಳಗಾಗಿ ಹಿಡಿದು ಓದುವಂತೆ ನಟಿಸುತ್ತಿದ್ದಾಗ ದೊಡ್ಡಮ್ಮ ಅವಳ ಕಣ್ಣಿಗೆ ಸಿಕ್ಕಿಬಿದ್ದರು.

"ಓದು ಬರಹ ಬಲ್ಲ ಅಡುಗೆಯವರು ಬೇಕು ಅಂದ್ರು ಆಗಿನ ಫಾದರ್. ಹೂಂ ಅಂದೆ. ಅಂಕಿ ಬರ್ತಿತ್ತಲ್ಲ!" ಎಂದು ನಕ್ಕು, ಆಮೇಲೆ ಅವಳ ಮಣಿಕಟ್ಟು ಹಿಡಿದಿದ್ದರು. "ನಾನಿರೋವರೆಗೆ ಬಾಯಿ ಬಿಡಬೇಡ ಕಣೇ. ಆಮೇಲೆ ನಿನ್ನಿಷ್ಟ."

*

ಈಗ 'ಆಮೇಲೆ' ಬಂದಿತ್ತು.

"ಶುರುವಾದಾಗ ಹೆಂಚಿನ ಶೆಡ್ಡು, ಎಂಟು ಮಂಚ," ಫಾದರ್ ಗುಂಡಿಯ ಪಕ್ಕ ನಿಂತು ಹೇಳುತ್ತಿದ್ದರು. "ಆಮೇಲೆ ಇಪ್ಪತ್ತು ಕೋಣೆ. ಈಗ ಮೂರು ಮಹಡಿ, ನೂರ ಹತ್ತು. ನಮ್ಮ ಉಪದೇಶ ಕೇಳಿ ಯಾರೂ ಎರಡನೇ ಸಲ ಬರಲಿಲ್ಲ. ಕೇಳದೇ ಇದ್ದದ್ದನ್ನೂ ಅರಿತು ಕೊಡುವ ಈ ತಾಯಿಗಾಗಿ ಬಂದರು."

"ನಿಜ ನಿಜ," ಹಿಂದಿನಿಂದ ನಿವೃತ್ತ ಪೋಸ್ಟ್‌ಮನ್ ಪಿಸುಗುಟ್ಟಿದ. "ಸಕ್ಕರೆ ಕಾಯಿಲೆ ಅಂತ ಬರ್ದು ಹಾಕಿದ್ದೆ. ಪುಣ್ಯಾತ್ಗಿತ್ತಿ, ಎರಡು ಚಮಚ ಜಾಸ್ತೀನೇ ಹಾಕಿದ್ಲು!"

"ಸುಮ್ನಿರಿ ಮಾರಾಯ್ರೆ, ಮಣ್ಣಿಗೆ ಬಂದಿದೀರಿ," ಎಂದಳು ಅವನ ಹೆಂಡತಿ.

ಹನ್ನೆರಡನೇ ಕೋಣೆಯ ಮೇಷ್ಟ್ರಮ್ಮ ಮುಂದೆ ಬಂದರು. ಬಿಳಿಕೂದಲು, ನೆಟ್ಟಗಿನ ಬೆನ್ನು.

"ಹದಿನೆಂಟು ವರ್ಷದ ಹಿಂದೆ, ಇದೇ ಕೋಣೆ. 'ನಾಳೆ ನನಗೆ ತಿಂಡಿ ಬೇಡ' ಅಂತ ಚೀಟಿ ಹಾಕಿದ್ದೆ. ಅಷ್ಟೇ. ಆ ನಾಳೆ ನನಗೆ ಬೇಕಾಗಿರಲಿಲ್ಲ." ಅವರು ಉಸಿರು ತೆಗೆದುಕೊಂಡರು. "ಹಾಲು ತಂದು ಬಾಗಿಲು ತಟ್ಟಿದ್ರು. ನಾನು ತೆಗೀಲಿಲ್ಲ. ತಟ್ತಾನೇ ಇದ್ರು. ತಿಂಡಿ ಬೇಡ ಅನ್ನೋ ಎರಡು ಪದದಲ್ಲಿ ನನ್ನ ಮನಸ್ಸು ಓದಿದ್ರು. ಎಂ.ಎ. ಮಾಡಿದ ನನಗೆ ಅಂಥ ಓದು ಬರಲ್ಲ."

ಯಾರೋ ಮೂಗು ಸೀಟಿದರು. ಫಾದರ್ ತಂಗಿಯ ಮಗಳತ್ತ ತಿರುಗಿದರು. "ಹೇಳಮ್ಮ, ಅವರಿಗೆ ಹೇಗೆ ತಿಳೀತಿತ್ತು?"

ಮೇಷ್ಟ್ರಮ್ಮನ ಕಣ್ಣು ಅವಳ ಮೇಲಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ನುಂಗಿದಳು.

"ಬಾಗಿಲು ತಟ್ಟೋರು, ಫಾದರ್," ಎಂದಳು. "ತೆಗೆಯೋವರೆಗೂ ತಟ್ಟೋರು."

ಸಂಜೆ ಮೌನ ಮತ್ತೆ ಆರಂಭವಾಯಿತು. ಏಳರ ಹೊತ್ತಿಗೆ ಡಬ್ಬಿ ಟಪ್ ಎಂದಿತು. ಅವಳು ಮೊದಲು ಹಾಲನ್ನು ಒಲೆಗೇರಿಸಿ, ಆಮೇಲೆ ಚೀಟಿ ಬಿಡಿಸಿದಳು. ನಲವತ್ತೊಂದನೇ ಕೋಣೆ. 'ರಾತ್ರಿ ಊಟ ಬೇಡ.'

ದೊಡ್ಡಮ್ಮನ ಗುಟ್ಟನ್ನು ಯಾರಿಗೂ ಹೇಳುವುದಿಲ್ಲ, ಎಂದಿಗೂ, ಎಂದು ಅವಳು ನಿಶ್ಚಯಿಸಿದ್ದು ಆಗಲೇ. ಚೀಟಿಯನ್ನು ಇದ್ದ ಹಾಗೇ ಮಡಚಿ ಡಬ್ಬಿಗೆ ಹಾಕಿದಳು. ಕಂಕುಳಲ್ಲಿ ಹೊದಿಕೆ, ಕೈಯಲ್ಲಿ ಲೋಟ ಹಿಡಿದು, ತುಳುಕದಂತೆ, ಮೆಟ್ಟಿಲು ಹತ್ತತೊಡಗಿದಳು.