ಬಾಸೂನ್ ಮೇಷ್ಟ್ರ ಶಿಫಾರಸು

ಸೂಪಿಗೆಂದು ಲೀಕ್ ಈರುಳ್ಳಿಯ ಎಲೆಗಳ ಸಂದಿಯ ಮರಳು ತೊಳೆಯುತ್ತಿದ್ದೆ, ಬಾಗಿಲ ಗಂಟೆ ಹೊಡೆಯಿತು. ಕೈ ಒರೆಸಿಕೊಂಡು ಹೋಗಿ ತೆರೆದರೆ ಸೊಲಾಂಜ್, ನನ್ನ ಗಂಡನ ಹಳೆಯ ಶಿಷ್ಯೆ. ಹದಿನಾಲ್ಕು ವರ್ಷದ ಮೇಲೆ ನಮ್ಮ ಹೊಸ್ತಿಲಿಗೆ ಬಂದಿದ್ದಳು. ಹೆಗಲಲ್ಲಿ ವಾದ್ಯದ ಪೆಟ್ಟಿಗೆ.

"ಪೆಟ್ಟಿಗೆ ಹೊರಗಿರಲಿ," ನನ್ನ ಗಂಡ ಎವಾರಿಸ್ತ್ ಕುರ್ಚಿಯಿಂದಲೇ ಕೂಗಿದ. "ಜರ್ಮನ್ ಕೊಳವೆ ನನ್ನ ಮನೆಯೊಳಗೆ ಬರಕೂಡದು."

"ಹೊರಗೆ ಮಳೆ, ಮೇಷ್ಟ್ರೇ."

"ನೆನೀಲಿ. ಬಿರುಕು ಬಿಟ್ರೆ ಇನ್ನೂ ಒಳ್ಳೇದು."

ಅವಳು ಪೆಟ್ಟಿಗೆ ಸಮೇತ ಒಳಗೆ ಬಂದು ಕೂತಳು.

ಎವಾರಿಸ್ತ್‌ನ ಅಪ್ಪ ಕಲ್ಲಿದ್ದಲ ಗಣಿಯವನು. ಗಣಿಯ ಬ್ಯಾಂಡಿನಲ್ಲಿ ಯಾರಿಗೂ ಬೇಡವಾದ ಬಾಸೂನನ್ನು, ಹೆಚ್ಚುಕಮ್ಮಿ ಇವನಷ್ಟೇ ಉದ್ದದ ಆ ಮರದ ಊದುವ ವಾದ್ಯವನ್ನು, ಹನ್ನೆರಡನೆಯ ವಯಸ್ಸಿಗೇ ಇವನ ಕೈಗೆ ತುರುಕಿದ್ದರು. ಅಲ್ಲಿಂದ ಪ್ಯಾರಿಸ್ಸಿನ ಸಂಗೀತ ಶಾಲೆಗೆ ಹೋಗಿ ಮೊದಲ ಬಹುಮಾನ ಗೆದ್ದ, ಲೀಲ್‌ಗೆ ಬಂದು ಒಪೆರಾ ವಾದ್ಯವೃಂದದ ಬಾಸೂನಿನವರಲ್ಲಿ ಮೊದಲ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ ಕೂತ. ಹೊಸ ನಿರ್ದೇಶಕ ಬಂದು ಎಲ್ಲರೂ ನಮ್ಮ ಫ್ರೆಂಚ್ ಬಾಸೂನ್ ಬಿಟ್ಟು ಜರ್ಮನ್ ಬಾಸೂನ್ ಹಿಡಿಯಬೇಕೆಂದ. ಒಂದರ ಬೆರಳ ವರಸೆ ಇನ್ನೊಂದಕ್ಕೆ ಹೊಂದುವುದಿಲ್ಲ, ದನಿಯೂ ಬೇರೆ. ಮಿಕ್ಕವರು ಬದಲಾಯಿಸಿದರು. ಇವನು ಎದ್ದು ಮನೆಗೆ ಬಂದ. ಆಮೇಲೆ ಊರಿನ ಸಂಗೀತ ಶಾಲೆಯ ಬಾಸೂನ್ ತರಗತಿಯೊಂದೇ ಅವನಿಗೆ ಉಳಿದದ್ದು.

ಈ ವರ್ಷ ಅದರಿಂದಲೂ ನಿವೃತ್ತಿ. ಮುಂದೆ ಯಾರು ಕಲಿಸಬೇಕೆಂದು ಅವನೇ ಬರೆದು ತಿಳಿಸಬೇಕು, ಶನಿವಾರದೊಳಗಿನ ಅಂಚೆ ಮುದ್ರೆ ಇರಬೇಕು, ಇಲ್ಲವಾದರೆ ತರಗತಿ ಮುಚ್ಚುತ್ತೇವೆ ಎಂದಿದ್ದರು ಶಾಲೆಯವರು. ಅವನ ಕಣ್ಣು ಮಂಜಾಗಿದೆ, ಅವನು ಹೇಳಿದಂತೆ ನಾನು ಫೆಬ್ರವರಿಯಲ್ಲೇ ಕಾಗದ ಬರೆದಿದ್ದೆ. ಅವನ ಸಹಿಯೂ ಬಿದ್ದಿತ್ತು. ಹೆಸರಿನ ಜಾಗ ಮಾತ್ರ ಖಾಲಿ. ಮೂರು ತಿಂಗಳಿಂದ ಡ್ರಾಯರಿನಲ್ಲಿ ಬಿದ್ದಿತ್ತು. ಅವತ್ತು ಶುಕ್ರವಾರ.

"ಅರ್ಜಿ ಹಾಕಿರೋಳು ನಾನೊಬ್ಳೇ," ಅಂದಳು ಸೊಲಾಂಜ್. "ನಿಮಗೂ ಗೊತ್ತು."

"ದ್ರೋಹಿ ಕೈಗೆ ಕೊಡೋದಕ್ಕಿಂತ ಮುಚ್ಚೋದೇ ಮೇಲು."

"ಈಗ ಕಲೀತಿರೋ ಆ ನಾಲ್ಕು ಮಕ್ಕಳು?"

"ಕ್ಲಾರಿನೆಟ್ ಊದ್ಲಿ. ಏಳು ವರ್ಷ ಕಲಿಸ್ದೆ ನಿಂಗೆ. ಬಾಯಿಗಿಡೋ ಒಂದೊಂದು ಬೆತ್ತದ ರೀಡೂ ನನ್ನ ಕೈಯಾರೆ ಕೆತ್ತಿ ಕೊಟ್ಟೆ. ಪರೀಕ್ಷೆ ಹೊತ್ತಿಗೆ ಜರ್ಮನ್ ಕಡೆ ಹಾರ್ದೆ."

"ಹಾರ್ದೆನಾ? ಬೆಲ್ಜಿಯಂನಲ್ಲಿ ಯಾರದೋ ಮದುವೇಲಿ ತಮಾಷೆಗೆ ಐದು ನಿಮಿಷ ಜರ್ಮನ್ ಬಾಸೂನ್ ಊದ್ದೆ. ಯಾರೋ ಬಂದು ನಿಮ್ಮ ಕಿವಿ ಕಚ್ಚಿದ್ರು. ಶಾಲೆಯಿಂದ ಕೊಟ್ಟಿದ್ದ ವಾದ್ಯ ಕಿತ್ಕೊಂಡ್ರಿ. ಪರೀಕ್ಷೆಗೆ ಮೂರೇ ವಾರ! ನಮ್ಮಪ್ಪ ಬಸ್ ಓಡಿಸ್ತಿದ್ದ, ಹೊಸದು ಎಲ್ಲಿಂದ ತರ್ತಿದ್ದ? ಆ ಮದುವೇಲಿ ನುಡಿಸ್ತಿದ್ದ ಬೆಲ್ಜಿಯಂನೋರೇ ಹಳೇದೊಂದು ಕೊಟ್ರು. ಅದು ಜರ್ಮನ್ ಆಗಿತ್ತು. ಅಷ್ಟೇ."

"ಹೆದರಿಸೋಕೆ ತರಿಸ್ಕೊಂಡೆ ಕಣೇ! ಬಂದು ಕೇಳ್ತೀಯಾ ಅಂತ ಕಾದೆ. ನೀನು ನಗ್ತಾ ಕೊಟ್ಟೆಯಂತೆ. 'ಜರ್ಮನ್ನೇ ಹಗುರ, ಒಳ್ಳೇದಾಯ್ತು' ಅಂದೆಯಂತೆ."

"ಯಾರು ಹೇಳಿದ್ದು?"

ಇಬ್ಬರೂ ನನ್ನ ಕಡೆ ತಿರುಗಿದರು.

ಅವತ್ತು ಅವಳ ಮನೆಗೆ ವಾದ್ಯ ತರಲು ಹೋಗಿದ್ದವಳು ನಾನು. ಆ ಹುಡುಗಿ ಮೆಟ್ಟಿಲ ಮೇಲೆ ಕೂತು ಪೆಟ್ಟಿಗೆಯನ್ನು ತಬ್ಬಿಕೊಂಡು ಅತ್ತಿದ್ದಳು. ಒಂದೊಂದೇ ಬೆರಳು ಬಿಡಿಸಿ ತೆಗೆದುಕೊಂಡು ಬಂದಿದ್ದೆ. ಅತ್ತಳೆಂದು ಹೇಳಿದ್ದರೆ ಅವನು ಆಗಲೇ ಹಿಂದಕ್ಕೆ ಕೊಟ್ಟು ಬರುತ್ತಿದ್ದ. ಏಳು ವರ್ಷ, ಪ್ರತಿ ಭಾನುವಾರ, ನನ್ನ ಮೇಜಿನಲ್ಲಿ ನನ್ನ ಸೂಪು ಕುಡಿಯುತ್ತ ಅವರಿಬ್ಬರೇ ಮಾತಾಡುತ್ತಿದ್ದರು. ನನ್ನ ಜೊತೆ ಅವನು ಅಷ್ಟು ಮಾತು ಎಂದೂ ಆಡಿದವನಲ್ಲ.

"ಸುಳ್ಳು ಹೇಳಿದ್ದೆ," ಅಂದೆ. "ಇವಳು ಅತ್ತಿದ್ಲು."

ಎವಾರಿಸ್ತ್ ಕುರ್ಚಿಯ ಕೈ ಹಿಡಿದು ಎದ್ದ. ಡ್ರಾಯರ್ ತಾನೇ ಎಳೆದು ಕಾಗದ ತೆಗೆದ. ರಾತ್ರಿ ಶಾಲೆಯಲ್ಲಿ ನಾನು ಅಕ್ಷರ ಕಲಿತ ಮೇಲೆ ಅವನ ಕಾಗದಗಳನ್ನೆಲ್ಲ ಬರೆದವಳು ನಾನೇ. ಪೆನ್ನಿಗೆ ಕೈ ಚಾಚಿದೆ.

"ನೀನು ಮುಟ್ಟಬೇಡ."

ಮಂಜುಗಣ್ಣಿನಲ್ಲೇ, ಸೊಟ್ಟ ಅಕ್ಷರದಲ್ಲಿ ಅವಳ ಹೆಸರು ಬರೆದ. "ಆ ಕೊಳವೆ ಈಗಲೂ ಕೊಳವೆಯೇ," ಅಂದ ಅವಳಿಗೆ. "ರಾಜಿಯಾಯ್ತು ಅಂದ್ಕೋಬೇಡ."

"ನಿಮ್ಮ ರಾಜಿ ಯಾರಿಗೆ ಬೇಕು? ನಂಗೆ ತರಗತಿ ಸಿಕ್ರೆ ಸಾಕು."

ಹೋದ ಚಳಿಗಾಲದಿಂದ ಅವನಿಗೆ ಮೆಟ್ಟಿಲಿಳಿಯಲಾಗದು. ನಾನೇ ಲಕೋಟೆ ಅಂಟಿಸಿ ಕೋಟು ಹಾಕಿಕೊಂಡೆ. ಸೊಲಾಂಜ್ ಬೆನ್ನಿಗೇ ಬಂದಳು.

"ನೀನ್ಯಾಕೆ ನೆನೀತೀಯ?"

"ನಿಮ್ಮನ್ನ ನಂಬೋಲ್ಲ, ಮದಾಮ್. ಹಾಕೋದನ್ನ ಕಣ್ಣಾರೆ ನೋಡ್ಬೇಕು."

ಬೀದಿ ತಿರುವಿನ ಹಳದಿ ಅಂಚೆ ಡಬ್ಬಿಯ ಮುಂದೆ ನಿಂತೆವು. ಅವಳು ನನ್ನ ಕೈಯನ್ನೇ ಕಾಯುತ್ತಿದ್ದಳು. ಲಕೋಟೆಯನ್ನು ಒಳಗೆ ಬಿಟ್ಟೆ.