ಇಂದುಮತಿಯ ಗದ್ದದ ಸ್ವಿಚ್

ನಾನು ಒಂದು ಕರೆಗಂಟೆಯ ಸ್ವಿಚ್. ಒತ್ತಿದರೆ ಒಳಗೆ ಹೋಗುತ್ತೇನೆ, ಬಿಟ್ಟರೆ ಹೊರಗೆ ಬರುತ್ತೇನೆ. ಹಿತ್ತಾಳೆಯ ಎರಡು ಪಟ್ಟಿ, ಒಂದು ಸ್ಪ್ರಿಂಗ್, ಮೇಲೊಂದು ಬಿಳಿ ಪ್ಲಾಸ್ಟಿಕ್ ಟೋಪಿ. ಕಾರ್ಖಾನೆಯವರು ನನಗೆ ಕೊಟ್ಟದ್ದು ಇಷ್ಟೇ.

ಮೊದಲು ಹುಬ್ಬಳ್ಳಿಯ ಒಬ್ಬ ಗುತ್ತಿಗೆದಾರರ ಬಾಗಿಲಲ್ಲಿದ್ದೆ. ಹಾಲಿನವನು, ಚಂದಾ ಕೇಳುವವರು, ಒತ್ತಿ ಓಡಿಹೋಗುವ ಮಕ್ಕಳು, ಎಲ್ಲರ ಬೆರಳೂ ತಾಳಿಕೊಂಡೆ. ರಸ್ತೆ ಅಗಲ ಮಾಡುವಾಗ ಆ ಮನೆಯ ಮುಂಭಾಗ ಒಡೆದರು. ನಾನು ಗುಜರಿ ಸೇರಿದೆ. ಅಲ್ಲಿ ರೇಡಿಯೊ ರಿಪೇರಿಯ ಇಮಾಮ್‌ಸಾಬ್ ನನ್ನನ್ನು ಕಿವಿಯ ಹತ್ತಿರ ಹಿಡಿದು ಒತ್ತಿ ನೋಡಿದರು. ಸದ್ದು ಹಿಡಿಸಿತೇನೋ, ಜೇಬಿಗೆ ಇಳಿಸಿದರು.

ಅವರು ನನ್ನನ್ನು ಒಯ್ದದ್ದು ಇಂದುಮತಿಯ ಮನೆಗೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ಬಸ್ ಉರುಳಿದ ಮೇಲೆ ಕುತ್ತಿಗೆಯಿಂದ ಕೆಳಗೆ ಏನೂ ಅಲ್ಲಾಡದು. ಹವ್ಯಾಸಕ್ಕಾಗಿ ಮನೆಯಿಂದಲೇ ದೂರದವರೊಂದಿಗೆ ಮಾತಾಡುವ ಹ್ಯಾಮ್ ರೇಡಿಯೊದ ಪರವಾನಗಿ ಅದಕ್ಕೂ ಮುಂಚಿನದು. ಈ ರೇಡಿಯೊದಲ್ಲಿ ಮಾತಾಡಬೇಕಾದರೆ ಮೈಕಿನ ಸ್ವಿಚ್ ಒತ್ತಿ ಹಿಡಿಯಬೇಕು, ಕೇಳಬೇಕಾದರೆ ಬಿಡಬೇಕು. ಅವಳಿಗಾಗಿ ಅಣ್ಣ ವಿರೂಪಾಕ್ಷ ಒತ್ತುತ್ತಿದ್ದ. ತಂಗಿ ಮಾತಾಡಿದ್ದು ಸಾಕು ಅನ್ನಿಸಿದರೆ ಬಿಟ್ಟುಬಿಡುತ್ತಿದ್ದ. ಅವಳು ಯಾರೊಂದಿಗಾದರೂ ವಾದಕ್ಕಿಳಿದರಂತೂ ಅರ್ಧ ವಾಕ್ಯಕ್ಕೇ ಕತ್ತರಿ. ಮಾತಿನ ಸದ್ದಿಗೆ ರೇಡಿಯೊ ತಾನೇ ಪ್ರಸಾರ ಶುರು ಮಾಡುವ ಏರ್ಪಾಡನ್ನೂ ಹಚ್ಚಿ ನೋಡಿದ್ದರು. ಅದು ಕುಕ್ಕರಿನ ಸೀಟಿಯನ್ನೂ ಅತ್ತಿಗೆ ಮಕ್ಕಳಿಗೆ ಬೈದದ್ದನ್ನೂ ಊರಿಗೆಲ್ಲ ಕೇಳಿಸಿತು.

ಇಮಾಮ್‌ಸಾಬ್ ಟೇಬಲ್ ದೀಪದ ಬಗ್ಗುವ ಕೊರಳನ್ನು ಗಾಲಿಕುರ್ಚಿಗೆ ಬಿಗಿದು, ತುದಿಗೆ ನನ್ನನ್ನು ಕೂರಿಸಿ, ಮೈಕಿನ ತಂತಿ ಬೆಸೆದರು. ಅವಳು ಗದ್ದ ತಗ್ಗಿಸಿದಳು. ನಾನು ಟಕ್ಕೆಂದೆ.

"ಅಣ್ಣಾ, ಇನ್ನ ನೀ ಪೇಪರ್ ಓದ್ಕೋತ ಕೂಡು," ಎಂದಳು.

ಊರಿನ ಹ್ಯಾಮ್ ಬಳಗ ಭಾನುವಾರ ಬೆಳಿಗ್ಗೆ ಒಂದೇ ತರಂಗದಲ್ಲಿ ಸೇರುತ್ತಿತ್ತು. ಒಬ್ಬರು ನಿಯಂತ್ರಕರಾಗಿ ಉಳಿದವರನ್ನು ಒಬ್ಬೊಬ್ಬರಾಗಿ ಕರೆಯಬೇಕು. ಆ ಕೆಲಸ ಪಾಳಿಯ ಮೇಲೆ. ಇಂದುಮತಿಯ ಪಾಳಿ ಮಾತ್ರ ಬರುತ್ತಲೇ ಇರಲಿಲ್ಲ. ಅವಳಿಗೆ ತ್ರಾಸಾಗುತ್ತದೆ ಎಂದು ಕಾರ್ಯದರ್ಶಿ ಹೆಬಸೂರ ದಾಟಿಸುತ್ತಿದ್ದರು. ಅವಳು ಎಲ್ಲರೂ ಕೇಳುತ್ತಿರುವಾಗ ರೇಡಿಯೊದಲ್ಲೇ ತನ್ನ ಪಾಳಿ ಕೇಳಿದಳು. ಇಲ್ಲ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಈ ಸಲ ಕೆಟ್ಟರೆ ಇನ್ನೊಮ್ಮೆ ಪಾಳಿ ಸಿಗದು ಎಂಬುದು ಅವಳಿಗೆ ಗೊತ್ತಿತ್ತು. ಪಾಳಿ ಬಂದ ಭಾನುವಾರ ಗದ್ದ ಬೆವೆತಿತ್ತು.

ನಾಲ್ಕೈದು ಮಂದಿ ಸರಿಯಾಗಿ ಬಂದು ಹೋದರು. ಹೆಬಸೂರ ಕಾರಿನಿಂದಲೇ ಹಾಜರಿ ಹೇಳಿ, ಮೈಕನ್ನು ಸೀಟಿನ ಮೇಲೆ ಹಾಕಿ, ಅದರ ಮೇಲೇ ಕೂತರು. ಅದು ಆಮೇಲೆ ತಿಳಿದದ್ದು. ಅವರ ಸ್ವಿಚ್ ಒತ್ತಿಕೊಂಡೇ ಉಳಿಯಿತು. ಹಾಗಾದಾಗ ಉಳಿದವರು ಕೇಳಬಹುದು, ನಡುವೆ ಬಾಯಿ ಹಾಕಲಾಗದು. ಪಕ್ಕದಲ್ಲಿದ್ದ ಹೆಂಡತಿಗೆ ಅವರು ಹೇಳಿದ್ದು ಇಡೀ ಬಳಗಕ್ಕೆ ಕೇಳಿತು.

"ಪಾಪ ಅಂತ ಕೊಟ್ಟೀವಿ. ಒಂದ್ ವಾರ ಆಡ್ಲಿ ಬಿಡು. ಆಮ್ಯಾಲೆ ಅವರಣ್ಣಗ ಹೇಳಿ ಬಿಡಿಸಿದ್ರಾತು."

ವಿರೂಪಾಕ್ಷ ಪೇಪರ್ ಕೆಳಗಿಟ್ಟು ರೇಡಿಯೊ ಆರಿಸಲು ಎದ್ದ. ಮುಟ್ಟಬೇಡ ಎಂದಳು ತಂಗಿ. ಹೆಬಸೂರ ಪೆಟ್ರೋಲ್, ಮೊಣಕಾಲು ನೋವು, ಬೀಗರ ಸುದ್ದಿ ಎಲ್ಲ ಮುಗಿಸಿ ಕಾರಿನಿಂದ ಇಳಿಯುವವರೆಗೂ ಕಾದಳು. ತರಂಗ ಖಾಲಿಯಾಯಿತು. ಗದ್ದ ನನ್ನ ಮೇಲೆ ಕಲ್ಲಿನಂತೆ ಬಿತ್ತು.

"ಹೆಬಸೂರ ಸರ್, ನಿಮ್ಮ ಮೈಕ್ ಒತ್ತಿಕೊಂಡಿತ್ರಿ. ಎಲ್ಲಾರೂ ಕೇಳೀವಿ. ನನ್ನ ಪಾಳಿ ಬಿಡಿಸೂದು ನಮ್ಮಣ್ಣನ ಕೈಯಾಗ ಇಲ್ಲ. ಮುಂದಿನವ್ರು ಬರ್ರಿ."

ಧಾರವಾಡದ ಒಬ್ಬ ಹಿರಿಯರು ಬಂದು, ಏನೂ ಆಗದವರಂತೆ ತಮ್ಮ ಹೊಸ ಆಂಟೆನಾದ ಸುದ್ದಿ ಹೇಳಿದರು. ಅವರ ಹಿಂದೆ ಉಳಿದವರೂ ಬಂದರು. ಕೊನೆಯವರನ್ನು ಕಳಿಸಿಕೊಟ್ಟೇ ಅವಳು ಕುರ್ಚಿಗೆ ತಲೆ ಆನಿಸಿದ್ದು.

ಸಂಜೆ ಹೆಬಸೂರ ಹಣ್ಣು ಹಿಡಿದು ಮನೆಗೆ ಬಂದರು. ತಪ್ಪಾಯಿತು ಎಂದರು. ಮುಂದಿನ ವಾರವೂ ಆಕೆಯೇ ನಡೆಸಲಿ ಎಂದು ಸೇರಿಸಿದರು.

"ಮುಂದಿನ ವಾರ ನಿಮ್ಮ ಪಾಳಿ ಐತಿ ಸರ್," ಎಂದಳು ಅವಳು. "ನೀವ ಮಾಡ್ರಿ. ನಂದು ಬಂದಾಗ ನಾ ಮಾಡ್ತೀನಿ."

ಬಂದಾಗಲೆಲ್ಲ ಮಾಡಿದಳು. ವರ್ಷಗಳು ಹೋದವು. ನನ್ನ ಸ್ಪ್ರಿಂಗ್ ಸೋತು, ಒತ್ತಿದ್ದು ಮೇಲೇಳಲು ತಡವಾಗತೊಡಗಿತು. ಅವಳು ಅದೇ ವಾರ ನನ್ನನ್ನು ಬಿಚ್ಚಿಸಿದಳು. ಈಗ ಅಲ್ಲೊಂದು ಕೊಳವೆ ಇದೆ. ಒಮ್ಮೆ ಊದಿದರೆ ಮಾತಾಡಬಹುದು, ಇನ್ನೊಮ್ಮೆ ಊದಿದರೆ ಕೇಳಬಹುದು. ನಾನು ಇಮಾಮ್‌ಸಾಬರ ಸ್ಕ್ರೂ ಡಬ್ಬಿಯಲ್ಲಿದ್ದೇನೆ.

ಬಿಚ್ಚುವಾಗ ಅವಳು ನನ್ನತ್ತ ನೋಡಲೂ ಇಲ್ಲ. ಅದರಿಂದ ನನಗೆ ಬೇಸರವಿಲ್ಲ. ಅಣ್ಣ ಒತ್ತುತ್ತಿದ್ದಾಗ ಪ್ರತಿ ಮಾತಿಗೂ ಅವಳು ಅವನ ಮುಖ ನೋಡಬೇಕಿತ್ತು, ಮುಗಿದ ಮೇಲೆ ಉಪಕಾರ ನೆನೆಯಬೇಕಿತ್ತು. ನನಗೆ ಅವಳು ಏನೂ ಹೇಳಬೇಕಾಗಿರಲಿಲ್ಲ. ನನ್ನನ್ನು ಇಟ್ಟುಕೊಂಡದ್ದೇ ಅದಕ್ಕೆ.